ಪಾಕ ತಿದ್ದುವ ಮಾಯಕ್ಕ

ದೀಪಾವಳಿಗೆ ಇನ್ನು ನಾಲ್ಕು ದಿನ. ಬೆಳಗಿನ ಆರು ಗಂಟೆಯ ತಂಪಿನಲ್ಲಿ ಬೆಳಗಾವಿಯ ಮಹಾಂತೇಶ ನಗರದ ಒಂದು ಮನೆಯ ಅಡುಗೆಮನೆಯಲ್ಲಷ್ಟೇ ದೀಪ ಹತ್ತಿದೆ. ಎಪ್ಪತ್ತೆಂಟು ವರ್ಷದ ಶಿವಬಸವ್ವ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಗ್ಯಾಸಿನ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿದ್ದಾರೆ. ಒಲೆಯ ಮೇಲೆ ರವಾ ಉಂಡಿಗೆಂದು ಇಟ್ಟ ಸಕ್ಕರೆ ಪಾಕ. ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಗಿಸಿ ನಿಂತವರು ಮಾಯಕ್ಕ. ವಯಸ್ಸು ಐವತ್ತೆಂಟು. ಉಂಡಿ ಕಟ್ಟುವುದನ್ನು ಕಲಿಯಲು ಬಂದವರು.

"ನೋಡು, ಬೆರಳಿಗೆ ಹಚ್ಚಿದ್ರ ಒಂದ ಎಳಿ ಬರಬೇಕು. ಎರಡ ಬಂತಂದ್ರ ಅದು ಉಂಡಿ ಅಲ್ಲ, ಕಲ್ಲ," ಎನ್ನುತ್ತಾರೆ ಶಿವಬಸವ್ವ. ಹಾಗೆನ್ನುತ್ತಲೇ ಅವರು ಮದುವೆಯಾಗಿ ಬಂದ ವರ್ಷದ ದೀಪಾವಳಿಯ ಕತೆ ಶುರುವಾಗುತ್ತದೆ. ಕತೆ ಮಾವನವರ ಎತ್ತುಗಳ ತನಕ ಬರುವಷ್ಟರಲ್ಲಿ ಪಾಕದ ಗುಳ್ಳೆಗಳು ದಪ್ಪಗಾಗಿ, ಸೋಮಾರಿಗಳಂತೆ ಏಳತೊಡಗುತ್ತವೆ. ಮಾಯಕ್ಕ ಸೌಟು ತೊಳೆದು, ನೀರು ಜಾಡಿಸದೆ, ಹಾಗೇ ಪಾಕಕ್ಕೆ ಇಳಿಸುತ್ತಾರೆ.

"ಏ ಹುಚ್ಚಿ! ನೀರ ಜಾಡಸು ಅಂತ ಎಷ್ಟ ಸರ್ತಿ ಹೇಳ್ಲಿ ನಿನಗ?"

"ತಪ್ಪಾತ್ರೀ ಅವ್ವಾರ. ಮರತೆ."

"ಹೋದ ವರ್ಷಾನೂ ಹಿಂಗ ಮರತಿದ್ದಿ. ಎರಡ ದೀಪಾವಳಿ ಆತು, ಒಂದ ಉಂಡಿ ಕಲಿಯಾಕ ಆಗವಲ್ದು ನಿನಗ!"

ಮಾಯಕ್ಕ ತಲೆ ತಗ್ಗಿಸಿ ಬೈಸಿಕೊಳ್ಳುತ್ತಾರೆ. ಸೌಟಿಗೆ ಅಂಟಿ ಬಂದ ಆ ಎರಡು ಚಮಚ ನೀರಿಗೆ, ಎರಡೆಳೆಗೆ ಏರಿದ್ದ ಪಾಕ ಸದ್ದಿಲ್ಲದೆ ಒಂದೆಳೆಗೆ ಇಳಿದಿರುತ್ತದೆ.

ಮಾಯಕ್ಕನಿಗೆ ಉಂಡಿ ಬಾರದೆಂದು ನಂಬುವ ಹೆಂಗಸರು ಬೆಳಗಾವಿಯಲ್ಲಿ ಹೆಚ್ಚಿಲ್ಲ. ಮೂವತ್ತಕ್ಕೂ ಹೆಚ್ಚು ಮನೆಗಳ ಫೋನುಗಳಲ್ಲಿ ಅವರ ನಂಬರು ಇದೆ. ಆದರೆ ಹೆಸರು ಬೇರೆ. ಒಬ್ಬರಲ್ಲಿ 'ಹಾಲಿನಾಕಿ', ಇನ್ನೊಬ್ಬರಲ್ಲಿ 'ಬ್ಲೌಸ್ ಟೇಲರ್', ಮತ್ತೊಬ್ಬರಲ್ಲಿ 'ಗ್ಯಾಸ್ ಬುಕಿಂಗ್'. ಹಬ್ಬದ ಫರಾಳ, ಅಂದರೆ ಉಂಡಿ-ಚಕ್ಕಲಿಯಂಥ ತಿನಿಸು, ಕೆಟ್ಟ ಮನೆಗೆ ಹೋಗಿ ಅದನ್ನು ನೆಟ್ಟಗೆ ಮಾಡಿ ಬರುವುದು ಅವರ ಕೆಲಸ. ಕೆಟ್ಟಿತ್ತೆಂದು ಹೊರಗೆ ತಿಳಿಯಬಾರದು. ತಿಳಿದರೆ ಮಾಡಿದ್ದೆಲ್ಲ ದಂಡ. ಈ ಬರಹಕ್ಕೆ ಒಪ್ಪುವ ಮೊದಲು ಅವರು ಹಾಕಿದ ಷರತ್ತೂ ಅದೇ. "ನನ್ನ ಹೆಸರ ಹಾಕ್ರಿ, ನನ್ನೂರ ಹೆಸರ ಹಾಕ್ರಿ. ಮಂದಿ ಮನಿ ಹೆಸರ ಮಾತ್ರ ಬ್ಯಾಡ್ರಿ. ಅವರ ಮರ್ಯಾದಿ ನನ್ನ ಉಡ್ಯಾಗ ಐತಿ."

ನವರಾತ್ರಿ ಮುಗಿದ ಮರುದಿನದಿಂದ ದೀಪಾವಳಿಯ ತನಕ ಅವರಿಗೆ ಬಿಡುವಿಲ್ಲ. ದಿನಕ್ಕೆ ಮೂರು ಮನೆ, ನಾಲ್ಕು ಮನೆ. ಹಬ್ಬದ ಹಿಂದಿನ ದಿನ ಏಳಾದದ್ದೂ ಉಂಟು. ಕೈಚೀಲದಲ್ಲಿ ಒಂದು ಡಬ್ಬಿ ಹುರಿಗಡಲೆಯ ಪುಟಾಣಿ ಹಿಟ್ಟು, ಒಂದು ಡಬ್ಬಿ ಅಕ್ಕಿ ಹಿಟ್ಟು, ಒಂದು ಸಣ್ಣ ಜರಡಿ. ಬೇಸನ್ ಉಂಡಿ ತಟ್ಟೆಯಲ್ಲಿ ಎಮ್ಮೆಯ ಹಾಗೆ ಮಲಗಿಬಿಟ್ಟರೆ ಪುಟಾಣಿ ಹಿಟ್ಟು. ಚಕ್ಕಲಿ ಎಣ್ಣೆಗೆ ಬಿದ್ದ ಕೂಡಲೇ ಕರಗಿ ಹೋಗುತ್ತಿದ್ದರೆ ಅಕ್ಕಿ ಹಿಟ್ಟು. ಅಕ್ಕಿ-ಬೆಲ್ಲದ ಅನಾರಸ ತುಪ್ಪದಲ್ಲಿ ಬಿರಿದು ಚೂರಾದರೆ ಇಲ್ಲಿನ ಹೆಂಗಸರು 'ನಕ್ಕಿತು' ಎನ್ನುತ್ತಾರೆ. ಅದರ ನಗು ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಆಗ ಮಾಯಕ್ಕ ಒಲೆ ಆರಿಸಿ, ಕಣ್ಣು ಮುಚ್ಚಿ, ತಮಗೆ ಹೆಸರು ಕೊಟ್ಟ ದೇವಿ, ಚಿಂಚಲಿಯ ತಾಯಿಯನ್ನು ನೆನೆದು, ಆಮೇಲೆ ಹಿಟ್ಟಿಗೆ ಕೈ ಹಾಕುತ್ತಾರೆ.

ಖಾನಾಪುರ ದಾಟಿ ಹಲಸಿಯ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಕುರಿ ಕಾಯುವ ಮನೆತನ. ಹತ್ತು ವರ್ಷದವರಿದ್ದಾಗ ಸೋದರತ್ತೆಯ ಬೆನ್ನು ಹತ್ತಿ ಮದುವೆ ಮನೆಗಳಿಗೆ ಪಾತ್ರೆ ತಿಕ್ಕಲು ಹೋಗುತ್ತಿದ್ದರು. ಅವರ ಪಾಠಶಾಲೆ ಅದೇ. "ಚಲೋ ಉಂಡಿ ಪಂಗತಿಗೆ ಹೋಕ್ಕಿದ್ವು, ಕೆಟ್ಟದ್ದು ನಮ್ಮ ಉಡಿಗೆ ಬೀಳತಿತ್ತು. ಕೆಟ್ಟದ್ದ ತಿಂದ ತಿಂದ, ಅದ್ಯಾಕ ಕೆಡತೈತಿ ಅನ್ನೂದು ನಾಲಿಗಿಗೆ ತಿಳೀತು ನೋಡ್ರಿ. ಬರೇ ಚಲೋದ್ದ ತಿಂದವ್ರಿಗೆ ಅದ ತಿಳಿಯೂದಿಲ್ಲ."

ಮದುವೆಯಾದದ್ದು ಕರೆಪ್ಪನನ್ನು. ಒಂದು ಮಳೆಗಾಲದಲ್ಲಿ ರೋಗ ಬಂದು ಅವರ ಕುರಿಹಿಂಡು ಹದಿನೈದೇ ದಿನದಲ್ಲಿ ಮಣ್ಣಾಯಿತು. ಆಮೇಲೆ ಕರೆಪ್ಪ ಮಚ್ಛೆಯ ಸಣ್ಣ ಕಾರ್ಖಾನೆಯೊಂದಕ್ಕೆ ಕಾವಲುಗಾರರಾದರು. ಗೇಟಿನ ಬಾಜು ಇರುವ ಒಂದು ಖೋಲಿಯೇ ಹಬ್ಬದ ದಿನಗಳಲ್ಲಿ ಮಾಯಕ್ಕನ ಮನೆ. ಬೆಳಗಿನ ಮೊದಲ ಸಿಟಿ ಬಸ್ಸು ಹಿಡಿಯುವುದು ಅಲ್ಲಿಂದಲೇ. "ಊರ ಮಂದಿ ಉಂಡಿ ದುಂಡಗ ಮಾಡತಾಳ್ರಿ. ನಮ್ಮ ಮನ್ಯಾಗ ಬರೇ ರೊಟ್ಟಿ," ಎಂದು ಕರೆಪ್ಪ ದೂರುತ್ತಾರೆ. "ರೊಟ್ಟಿ ಏನ ಚೌಕ ಇರತಾವೇನ?" ಎಂದು ಮಾಯಕ್ಕ ಒಳಗಿನಿಂದಲೇ ಕೇಳುತ್ತಾರೆ.

ಅವರ ಕೆಲಸದಲ್ಲಿ ಒಂದು ನೇಮವಿದೆ. ಕೆಟ್ಟದ್ದನ್ನು ಸರಿಮಾಡುತ್ತಾರೆ, ತಮ್ಮ ಕೈರುಚಿಯನ್ನು ಬೆರೆಸುವುದಿಲ್ಲ. ಒಂದು ಮನೆಯಲ್ಲಿ ಏಲಕ್ಕಿ ಅತಿ, ಇನ್ನೊಂದರಲ್ಲಿ ರವೆ ಕೆಂಪಾಗುವ ತನಕ ಹುರಿಯುತ್ತಾರೆ. "ಅದೂ ತಪ್ಪ ಖರೇ. ಆದ್ರ ಆ ತಪ್ಪ ತಗದ್ರ ಆ ಮನಿ ರುಚೀನ ಹೋಕ್ಕೈತಿ. ದೂರ ಇರೂ ಮಗಳು ಅದನ್ನ ನೆನಸಿಕೊಂಡ ಬಂದಿರತಾಳ್ರಿ."

ಶಿವಬಸವ್ವನವರ ಉಂಡಿಯ ರವೆಯೂ ತುಸು ಕೆಂಪೇ. ಐವತ್ತೈದು ವರ್ಷದಿಂದ ಅವರ ಡಬ್ಬಿ ಇಪ್ಪತ್ತೆರಡು ಮನೆಗಳಿಗೆ ಹೋಗುತ್ತದೆ. ಹೋದ ವರ್ಷ ಮಾತ್ರ ಕೈ ತಪ್ಪಿತು. ಪಾಕ ಇಟ್ಟದ್ದು ಮರೆತು ಹೋಗಿ, ಮೊದಲ ಸಲ ಕಟ್ಟಿದ ಉಂಡಿಗಳು ಕಲ್ಲಾದವು. ಕೈ ಕೆಟ್ಟಿದೆ ಎಂದು ಮನೆಯಲ್ಲಿ ತಿಳಿದರೆ ಒಲೆಯ ಮುಂದಿನ ಜಾಗ ಹೋಗುತ್ತದೆ, ಇನ್ನು ಜಗುಲಿಯಲ್ಲಿ ಕುಳಿತು ಕಾಲ ಕಳೆಯಬೇಕಾಗುತ್ತದೆ ಎಂದು ಅವರು ಅಂಜಿದರು. ಆ ಉಂಡಿಗಳನ್ನೆಲ್ಲ ಜೋಳದ ಡಬ್ಬಿಯೊಳಗೆ ಹೂತಿಟ್ಟರು.

ಜೋಳ ತೆಗೆಯಲು ಹೋದ ಸೊಸೆ ಪ್ರಮಿಳಾ ಅವರ ಕೈಗೆ ಅವು ಸಿಕ್ಕವು. ಸಾಲಿಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಪ್ರಮಿಳಾ ಯಾರೊಡನೆಯೂ ಮಾತಾಡಲಿಲ್ಲ. ಒಂದು ಉಂಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಚ್ಛೆಗೆ ಹೋದರು. ಮಾಯಕ್ಕ ಅದನ್ನು ಕಚ್ಚಿ, ನಾಲಿಗೆಯ ಮೇಲೆ ಹೊರಳಿಸಿ, "ಪಾಕ ಎರಡೆಳಿ ದಾಟೇತ್ರೀ. ಕೈಯೇನೂ ಕೆಟ್ಟಿಲ್ಲ, ಧ್ಯಾನ ಬ್ಯಾರೆ ಕಡೆ ಹೋಗೇತಿ," ಎಂದರು. "ಹಂಗಾದ್ರ ನೀ ಕಲಿಯಾಕ ಬಂದಾಕಿ ಆಗಿ ಬಾ ಮಾಯಕ್ಕಾ," ಎಂದರು ಪ್ರಮಿಳಾ. "ಅತ್ತಿಯವರಿಗೆ ಗೊತ್ತಾಗಬಾರ್ದು. ಅವರ ಉಂಡಿ ಅವರ ಕೈಲೇ ಆಗಬೇಕು."

ಅಂದಿನಿಂದ ಮಾಯಕ್ಕ ಆ ಮನೆಯ ದಡ್ಡ ಶಿಷ್ಯೆ. ಹೋದ ವರ್ಷ ಡಬ್ಬಿ ಬಿಚ್ಚಿ ತಿಂದ ಪಕ್ಕದ ಮನೆಯ ದಿಲಶಾದ, "ಅಮ್ಮಾ, ಅದೇ ರುಚಿ, ಅದೇ ಕೆಂಪ!" ಎಂದು ಕಾಂಪೌಂಡಿನಾಚೆಯಿಂದಲೇ ಕೂಗಿ ಹೇಳಿದ್ದರು.

ಈಗ ಏಳು ಗಂಟೆ. ರವೆ ಪಾಕ ಕುಡಿದು ಉಬ್ಬಿದೆ. ಇಬ್ಬರೂ ಉಂಡಿ ಕಟ್ಟುತ್ತಿದ್ದಾರೆ. ಸಾಲಿಗೆ ಹೊರಟ ಪ್ರಮಿಳಾ ಒಳಗೆ ಇಣುಕುತ್ತಾರೆ. "ಅತ್ತಿ, ಈಕಿ ಈ ವರ್ಷರೆ ಕಲತಳೇನ್ರಿ?"

"ಈ ಜಲ್ಮದಾಗ ಕಲಿಯೂದಿಲ್ಲ ತಗೋ."

ಪ್ರಮಿಳಾ ನಗುತ್ತ ಹೊರಡುತ್ತಾರೆ. ಗೇಟು ಮುಚ್ಚಿದ ಸದ್ದಾದ ಮೇಲೆ ಶಿವಬಸವ್ವ ದನಿ ತಗ್ಗಿಸುತ್ತಾರೆ. "ಮಾಯಕ್ಕಾ, ನೀ ಯಾರಂತ ನನಗ ಗೊತ್ತೈತಿ."

ಮಾಯಕ್ಕನ ಅಂಗೈಯಲ್ಲಿ ಉಂಡಿ ಅರ್ಧಕ್ಕೇ ನಿಲ್ಲುತ್ತದೆ.

"ಜ್ವಾಳದ ಡಬ್ಬ್ಯಾಗ ಹದಿನೇಳ ಉಂಡಿ ಇಟ್ಟಿದ್ದೆ. ಮರುದಿನ ನೋಡಿದ್ರ ಹದಿನಾರ. ಇಲಿ ತಿಂದಿದ್ರ ಅದರ ಹಲ್ಲರೆ ಅಲ್ಲಿ ಬಿದ್ದಿರಬೇಕಾಗಿತ್ತು. ಮೂರ ದಿನಕ್ಕ ನೀ ಬಂದಿ, ಉಂಡಿ ಕಲಸ್ರಿ ಅಂತ. ಕಲಿಯಾಕ ಬಂದಾಕಿ ಚೀಲದಾಗ ಪುಟಾಣಿ ಹಿಟ್ಟ ಯಾಕ ತರತಾಳವಾ?"

"ಮತ್ತ ನನ್ನ ಯಾಕ ಬೈತಿದ್ರೀ ಅವ್ವಾರ?"

"ಬೈಲಿಲ್ಲಂದ್ರ ನಿನಗ ಸಂಶೇ ಬರತಿತ್ತಲ್ಲ."

ಇಬ್ಬರೂ ನಗುತ್ತಾರೆ. ಶಿವಬಸವ್ವನವರ ನಗು ಬೇಗ ನಿಲ್ಲುತ್ತದೆ. "ಇಪ್ಪತ್ತೆಂಟ ವರ್ಷ ನಾ ಪ್ರಮಿಳಾಗ ಉಪ್ಪ ಹೆಚ್ಚಾತು, ಹುಳಿ ಕಡಿಮ್ಯಾತು ಅಂತ ಅಂದಾಕಿ. ನನ್ನ ಕೈ ತಪ್ಪಿದಾಗ ಅಕಿ ನನ್ನ ಮಗನ ಮುಂದೂ ಬಾಯಿ ಬಿಡಲಿಲ್ಲ. ಇದನ್ನ ಅಕಿ ಮುಂದ ಹೇಳಬೇಕಂತೀನಿ, ಬಾಯಿ ಬರವಲ್ದು, ನಾಚಿಕಿ. ಪೇಪರಿನ್ಯಾಗ ನಿನ್ನ ಬಗ್ಗೆ ಬರೀತಾರಂತಲ್ಲ, ಇದನ್ನೂ ಬರೀಲಿ. ನನ್ನ ಹೆಸರ ಹಾಕ್ಲಿ, ಅಕಿ ಹೆಸರೂ ಹಾಕ್ಲಿ. ಐತವಾರದ ಪುರವಣಿ ಅಕಿ ಒಂದ ಅಕ್ಷರ ಬಿಡೂದಿಲ್ಲ."

ಮಾಯಕ್ಕ ತಮ್ಮ ಷರತ್ತನ್ನು ಸಡಿಲಿಸಿದ್ದು ಈ ಒಂದು ಮನೆಗಾಗಿ. ಅದಕ್ಕೇ ಇಲ್ಲಿ ಆ ಎರಡು ಹೆಸರುಗಳಿವೆ.

ಎಂಟೂವರೆಗೆ ಅವರು ಬಸ್ ಸ್ಟಾಪಿನಲ್ಲಿ ನಿಂತಿದ್ದಾರೆ. ಇನ್ನೊಂದು ಬಡಾವಣೆಯಲ್ಲಿ ಯಾರದೋ ಅನಾರಸ ನಕ್ಕಿದೆಯಂತೆ. ಮುಂದೆ ಏನಾಗಬೇಕೆಂಬ ಆಸೆ ಎಂದು ಕೇಳಿದರೆ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತಾರೆ.

"ನನ್ನ ಕೈನೂ ಒಂದಿನ ಮರೀತಾವ್ರೀ. ಚಿಂಚಲಿ ತಾಯಿ ಯಾರನ್ನೂ ಬಿಡೂದಿಲ್ಲ. ಅವತ್ತ ನಮ್ಮ ಖೋಲಿಗೂ ಯಾರರೆ ಒಬ್ಬಾಕಿ ಹಿಂಗ ದಡ್ಡಿ ಆಗಿ ಬರಬೇಕು, ಅಷ್ಟ. ನನಗ ಗೊತ್ತಾಗಬಾರ್ದು. ಗೊತ್ತಾದ್ರೂ, ನಾ ಅಕಿನ್ನ ಬೈಕೋತ ಸುಮ್ಮನ ಉಂಡಿ ಕಟ್ಟತೀನಿ."