ತಾಳೆಗರಿ ಸೀಳುವ ದಿಕ್ಕು

ಕನ್ನಡದ ಅಕ್ಷರಗಳು ದುಂಡಗಾಗಲು ತಾಳೆಗರಿಯೇ ಕಾರಣ, ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು ಎಂಬ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಹೇಳಿದವರಲ್ಲಿ ಒಬ್ಬರಾದರೂ ಗರಿಯ ಮೇಲೆ ಗೆರೆ ಎಳೆದು ನೋಡಿದ್ದರೇ ಎಂಬುದು ನನ್ನ ಹಳೆಯ ಸಂಶಯ. ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಿದ್ದ ದಿನಗಳಲ್ಲಿ ಹುಟ್ಟಿದ ಆ ಸಂಶಯ, ನಡುವಯಸ್ಸು ದಾಟಿದ ಮೇಲೆ ನಾನೇ ಕಂಪ್ಯೂಟರ್ ಕಲಿತು ದಾವಣಗೆರೆಯ ಸರಸ್ವತಿ ನಗರದ ಮನೆಯ ಮುಂಗೋಣೆಯಲ್ಲಿ ಡಿಸೈನ್ ಕೆಲಸ ಹಿಡಿದಾಗಲೂ ಹಾಗೆಯೇ ಉಳಿದಿತ್ತು. ಅದನ್ನು ಪರೀಕ್ಷಿಸುವ ಅಗತ್ಯ ತಂದವನು ಹರಿಹರದ ಒಬ್ಬ ಲೇತ್ ಕೆಲಸಗಾರ.

ವಾರವೆಲ್ಲ ಕಬ್ಬಿಣ ಕಡೆಯುವ ಅವನು ಭಾನುವಾರ ಗೆಳೆಯರೊಂದಿಗೆ ಸೇರಿ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತಕ್ಕೆ ಗಿಟಾರ್ ನುಡಿಸುತ್ತಾನೆ. ಹಾಡು ಬರೆಯುವವನೂ, ತಂಡಕ್ಕೆ ಮೂರಕ್ಷರದ ಕನ್ನಡ ಹೆಸರಿಟ್ಟವನೂ ಅವನೇ. ದಾವಣಗೆರೆಯಲ್ಲಿ ಅವರ ಮೊದಲ ಕಾರ್ಯಕ್ರಮವಿತ್ತು. ಬ್ಯಾನರ್ ಮುದ್ರಣಕ್ಕೆ ಹೋಗುವ ಮೊದಲು ಹೆಸರಿಗೊಂದು ಲೋಗೊ ಬೇಕಿತ್ತು.

"ಕಾಕಾ, ನಮ್ಮ ಡ್ರಮ್ಸ್‌ನೋನು ಒಪ್ತಿಲ್ರಿ. ಕನ್ನಡ ಅಕ್ಷರ ಜಿಲೇಬಿ ಇದ್ದಂಗೆ, ಅದ್ರಾಗೆ ಮೆಟಲ್ ಎಲ್ಲಿ ಬರ್ತೈತೆ, ಇಂಗ್ಲಿಷ್ ಹೆಸರು ಇಡು ಅಂತಾನೆ. ನೀವು ಬರ್ದಿದ್ದು ಚೂಪಾಗಿ ಕಾಣ್ಲಿಲ್ಲ ಅಂದ್ರೆ ಹೆಸರೇ ಹೋಗತೈತೆ."

"ಜಿಲೇಬಿ ಅಂದೋನು ಎಷ್ಟು ಲೋಗೊ ಮಾಡ್ಯಾನೆ?"

"ಒಂದೂ ಇಲ್ರಿ."

"ಮತ್ತೆ ಯಾಕ ನಂಬಿದಿ?"

ಅವನು ಮೊಬೈಲಿನಲ್ಲಿ ವಿದೇಶಿ ತಂಡಗಳ ಲೋಗೊಗಳನ್ನು ತೋರಿಸಿದ. ಒಣ ಬೇರು, ಮುಳ್ಳು, ಈಟಿ. ಎಡಕ್ಕಿದ್ದದ್ದೇ ಬಲಕ್ಕೂ ಇತ್ತು. ಓದಲು ಬರಬಾರದು, ಅದೇ ಇದರ ನಿಯಮ ಎಂದ. ಆ ನಿಯಮವನ್ನೂ ನಾನು ನಂಬಲಿಲ್ಲ. ಯಾರೂ ಓದಬಾರದ ಹೆಸರನ್ನು ಯಾರಾದರೂ ಏಕೆ ಬರೆಸಿಯಾರು? ತಮ್ಮವರಿಗೆ ಮಾತ್ರ ತಿಳಿಯಲಿ ಎಂಬುದೇ ನಿಜವಾದ ನಿಯಮವಿರಬೇಕು.

ಮೊದಲು ದುಂಡು ಅಕ್ಷರಗಳ ಸುತ್ತ ಮುಳ್ಳು ಅಂಟಿಸಿದೆ. ಪರದೆಯತ್ತ ಬಗ್ಗಿ ನೋಡಿದ ಹೆಂಡತಿ, "ಹಾಗಲಕಾಯಿ ಯಾಕ ಬರ್ದೀರಿ?" ಎಂದು ಕೇಳಿ ಒಳಗೆ ಹೋದಳು. ಬಳಿಕ ದುಂಡುಗಳನ್ನೆಲ್ಲ ಮುರಿದು ಮೂಲೆ ಮಾಡಿದೆ; ಚೂಪು ಬಂತು, ಅಕ್ಷರ ಹೋಯಿತು. ಜಿಲೇಬಿಯ ಮಾತೇ ನಿಜವಾಗುವ ಲಕ್ಷಣ ಕಂಡಾಗ ನನ್ನ ಸಿಟ್ಟೆಲ್ಲ ತಾಳೆಗರಿಯ ಕಡೆ ತಿರುಗಿತು.

ತಾಳೆಹಣ್ಣಿನ ಗಾಡಿಯವನ ಬಳಿ ಹೋಗಿ, ಹಣ್ಣಿನ ಮೇಲೆ ಮುಚ್ಚಿದ್ದ ಗರಿ ಕೇಳಿದೆ.

"ಹಣ್ಣು ಬ್ಯಾಡ, ಗರಿ ಸಾಕಾ? ಆಡು ಸಾಕೀರೇನ್ರಿ ಯಜಮಾನ್ರೇ?" ಎಂದು ನಕ್ಕು ಕೊಟ್ಟ.

ಗರಿಯನ್ನು ನೆರಳಿನಲ್ಲಿ ಒಣಗಿಸಿ, ಕಂಪಾಸಿನ ಮೊನೆಯಿಂದ ಅದರ ಉದ್ದಕ್ಕೆ ಗೆರೆ ಎಳೆದೆ. ಸೀಳಿತು. ಇಷ್ಟು ವರ್ಷ ಸುಮ್ಮನೆ ಹಟ ಹಿಡಿದೆನೇ ಎಂದು ನಾಚಿಕೆಯಾಯಿತು. ಆದರೂ ಬಿಡಲಾಗದೆ, ಇನ್ನೊಂದು ಗೆರೆಯನ್ನು ನಾರಿಗೆ ಅಡ್ಡಲಾಗಿ, ಮೇಲಿನಿಂದ ಕೆಳಗೆ ಎಳೆದೆ. ಒತ್ತಿ ಎಳೆದರೂ ಸೀಳಲಿಲ್ಲ. ಬರೆಯುವವರು ಗರಿಯನ್ನು ಅಡ್ಡ ಮಲಗಿಸಿ ಹಿಡಿದು, ನಾರಿನ ಉದ್ದಕ್ಕೇ ಸಾಲು ಬರೆಯುತ್ತಿದ್ದರು. ಅಂದಮೇಲೆ ಗರಿ ಒಲ್ಲೆನೆಂದದ್ದು ಮಲಗಿದ ಗೆರೆಯನ್ನು, ನಿಂತ ಗೆರೆಯನ್ನಲ್ಲ. ಒಂದು ಗರಿಯಿಂದ ಲಿಪಿಯ ಚರಿತ್ರೆ ತೀರ್ಮಾನವಾಗದೆಂದು ನನಗೂ ಗೊತ್ತು. ಲೋಗೊ ಮಾಡಲು ಅಷ್ಟು ಸಾಕಿತ್ತು.

ದುಂಡುಗಳನ್ನು ಮುಟ್ಟದೆ ಬಿಟ್ಟೆ. ಮಲಗಿದ್ದ ತಲೆಕಟ್ಟುಗಳ ತುದಿಯನ್ನು ಕೊಂಬಿನಂತೆ ಎತ್ತಿ ನಿಲ್ಲಿಸಿದೆ. ಪ್ರತಿ ಅಕ್ಷರದ ಅಡಿಯಿಂದ ಈಟಿ ಇಳಿಸಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ಉದ್ದ, ನಡುವಿನದಕ್ಕೆ ಎಲ್ಲಕ್ಕಿಂತ ಉದ್ದ. ಅಕ್ಷರಗಳು ಬೇರೆಬೇರೆಯಾದರೂ ಎಡಬಲ ಸರಿತೂಗಿತು.

ಲೇತ್‌ನವನು ಬಂದಾಗ, ಏನೂ ಹೇಳದೆ ಹೆಂಡತಿಯನ್ನು ಪರದೆಯ ಮುಂದೆ ಕರೆದೆ. ಅವಳು ಹೆಸರನ್ನು ತಡವರಿಸದೆ ಓದಿದಳು. "ಓದಾಕೇನೋ ಬರ್ತೈತೆ. ಮುಟ್ಟಿದ್ರೆ ಮಾತ್ರ ಚುಚ್ಚತೈತೆ."

ಅವನ ಮುಖ ಇಳಿಯಿತು. "ಕಾಕೀನೇ ಓದಿಬಿಟ್ರು ಅಂದ್ರೆ ಮುಗೀತು ಬಿಡ್ರಿ."

ಅವನು ಫೋಟೊ ತೆಗೆದು ಡ್ರಮ್ಸ್‌ನವನಿಗೆ ಕಳಿಸಿದ. ಕೂಡಲೇ ಫೋನು ಬಂತು. ಆ ಕಡೆಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

"ಬೆಂಕಿ ಐತಲೇ! ಯಾವ ದೇಶದ ಬ್ಯಾಂಡು? ನಮ್ದೂ ಹಿಂಗೇ ಮಾಡ್ಸು."

"ಲೇ, ಅದು ನಮ್ಮ ಹೆಸರೇ. ಕನ್ನಡ. ನೆಟ್ಟಗೆ ನೋಡು."

"ಹೌದಲ್ಲೋ... ಇರ್ಲಿ ಬಿಡು. ಇದೇ ಇರ್ಲಿ."

ಹೆಸರು ಉಳಿಯಿತು, ಬ್ಯಾನರೂ ಏರಿತು. ನನ್ನ ಹೆಂಡತಿ ಓದಿದ್ದನ್ನು ಡ್ರಮ್ಸ್‌ನವನು ಓದಲಾರದೆ ಹೋದದ್ದೇ ನನ್ನನ್ನು ಕೊರೆಯುತ್ತಿತ್ತು. ಕನ್ನಡಕ್ಕೂ ಚೂಪು ಉಂಟೆಂದು ಒಪ್ಪಿದನೋ, ಕನ್ನಡದಂತೆ ಕಾಣಲಿಲ್ಲವೆಂದು ಒಪ್ಪಿದನೋ? ಕಾರ್ಯಕ್ರಮದ ಸಂಜೆ ವೇದಿಕೆಯ ಪಕ್ಕದಲ್ಲಿ ಅವನನ್ನೇ ನಿಲ್ಲಿಸಿ ಕೇಳಿದೆ.

"ಭಾಳ ಚೆನ್ನಾಗೈತೆ ಬಿಡ್ರಿ ಕಾಕಾ," ಎಂದು ಕೋಲುಗಳನ್ನೆತ್ತಿಕೊಂಡು ಮೇಲೆ ಹತ್ತಿದ.

ನಾನು ಕೇಳಿದ್ದು ಅದನ್ನಲ್ಲ.