ಪಿಕಪ್‌ಗೆ ಟೈರು ಹಾಕಿಸಿದೆ, ತೋಟ ಮಾರಾಟಕ್ಕೆ ಬಂತು

ಕಳೆದ ಬುಧವಾರ ಒಂದೇ ಬೆಳಿಗ್ಗೆ ನಮ್ಮ ತೋಟ ಕೊಳ್ಳಲು ಮೂರು ಪಾರ್ಟಿ ಬಂದವು. ಮೊದಲನೆಯವರು ಹಾಸನದ ಕಡೆಯವರು. ಎರಡನೆಯವರು ಯಾವ ಊರೆಂದು ಬಾಯಿ ಬಿಡಲಿಲ್ಲ. ಬಾವಿಯಲ್ಲಿ ಬೇಸಿಗೆಗೂ ನೀರಿರುತ್ತದಾ ಎಂದು ಕೇಳಿ, ನಾನು ಉತ್ತರ ಕೊಡುವಷ್ಟರಲ್ಲಿ ಒಳಗೆ ಕಲ್ಲು ಎಸೆದು ಕಿವಿಗೊಟ್ಟು ನಿಂತರು. ಮೂರನೆಯವರ ವಿಷಯ ಆಮೇಲೆ ಹೇಳುತ್ತೇನೆ.

ನಾನು ತೋಟ ಮಾರುತ್ತಿಲ್ಲ. ಮಾರುವ ಯೋಚನೆಯೂ ಇಲ್ಲ. ನಾನು ಮಾಡಿದ್ದು ಇಷ್ಟೇ: ಅದರ ಹಿಂದಿನ ಶುಕ್ರವಾರ ಮೂಡಿಗೆರೆಗೆ ಹೋಗಿ ಪಿಕಪ್‌ಗೆ ನಾಲ್ಕು ಹೊಸ ಟೈರು ಹಾಕಿಸಿಕೊಂಡು ಬಂದೆ.

ಟೈರಿಗೂ ತೋಟದ ಮಾರಾಟಕ್ಕೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೇಳಿ.

ಬಣಕಲ್ ಹತ್ತಿರದ ನಮ್ಮ ಕಾಫಿ ತೋಟದ ಪಿಕಪ್ಪನ್ನು ಓಡಿಸುವವಳು ನಾನು. (ನಮ್ಮನೆಯವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಾರೆ. ಪಾಣಿಪತ್ ಯುದ್ಧಗಳು ಮೂರೂ ಬಾಯಿಪಾಠ. ಕ್ಲಚ್ಚು ಎಡಕ್ಕೋ ಬಲಕ್ಕೋ ಎಂಬುದು ಮಾತ್ರ ಇವತ್ತಿಗೂ ಅನುಮಾನ.) ಅದಕ್ಕೆ ಆರು ವರ್ಷದಿಂದ ಇದ್ದದ್ದು ಲಗ್ ಟೈರು. ಅಂದರೆ ಮೈತುಂಬ ದಪ್ಪ ದಪ್ಪ ರಬ್ಬರ್ ಉಬ್ಬುಗಳಿರುವ, ಕೆಸರನ್ನು ಕಚ್ಚಿ ಹಿಡಿಯುವ ಟೈರು. ತೋಟದೊಳಗೆ ಅದರಷ್ಟು ನಂಬಿಕಸ್ಥ ವಸ್ತು ಇನ್ನೊಂದಿಲ್ಲ.

ಟಾರು ರಸ್ತೆಗೆ ಬಂದರೆ ಬೇರೆಯೇ ಕತೆ. ಊಂ ಎಂದು ಊಳಿಡಲು ಶುರು ಮಾಡಿದರೆ ಚಿಕ್ಕಮಗಳೂರು ಮುಟ್ಟುವವರೆಗೆ ನಿಲ್ಲುವುದಿಲ್ಲ. ಅಷ್ಟು ಹೊತ್ತೂ ನಾವಿಬ್ಬರೂ ಕಿರುಚಿಯೇ ಮಾತಾಡಬೇಕು. ಇಳಿದ ಮೇಲೂ ಆ ಗಂಟಲು ಇಳಿಯುವುದಿಲ್ಲ. ಒಂದು ಸಲ ಅಲ್ಲಿ ನಾವು ಕಾಫಿ ಹಾಕುವ ಕ್ಯೂರಿಂಗ್ ಕಾರ್ಖಾನೆಯ ಕ್ಲಾರ್ಕೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಸಾರ್‌ಗೆ ಕಿವಿ ಯಾವಾಗಿನಿಂದ ಹೀಗೆ ಎಂದು ಕನಿಕರದಿಂದ ವಿಚಾರಿಸಿದರು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಹೋದ ತಿಂಗಳು ಮಳೆ ಬಿದ್ದ ಟಾರಿನ ಮೇಲೆ ಬ್ರೇಕ್ ಒತ್ತಿದವಳು ಬಣಕಲ್ ಬಸ್‌ಸ್ಟ್ಯಾಂಡಿನ ಎದುರಿಗೇ ಗಿರ್ರನೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತೆ. ಬಸ್ಸಿಗೆ ಕಾಯುತ್ತಿದ್ದ ಪರಿಚಯದವರೊಬ್ಬರು ಹತ್ತಿರ ಬಂದು, ಏನು ಮರೆತು ಬಂದ್ರಿ, ವಾಪಸ್ ಹೊರಟ್ರಲ್ಲ ಎಂದರು.

ಅವತ್ತೇ ತೀರ್ಮಾನ ಮಾಡಿದೆ. ಗಾಡಿ ತೋಟದ ಮೇಲಕ್ಕೆ ಹತ್ತುವುದು ತಿಂಗಳಿಗೆ ನಾಲ್ಕಾರು ಸಲ. ಉಳಿದ ದಿನವೆಲ್ಲ ಟಾರಿನ ಮೇಲೆ. ಹಾಗಾದರೆ ರೋಡ್ ಟೈರೇ ಸರಿ. ಈ ಲೆಕ್ಕಾಚಾರದಲ್ಲಿ ಏನಾದರೂ ತಪ್ಪಿದೆಯಾ? ಇಲ್ಲ. ಈಗಲೂ ಇಲ್ಲ.

ಮೂಡಿಗೆರೆಯ ಟೈರ್ ಅಂಗಡಿ ಶೇಖರ ನನ್ನನ್ನು ನೋಡಿ ಮೊದಲು ಕೇಳಿದ್ದೇ, ಸಾರ್ ಬರಲಿಲ್ವಾ ಎಂದು. ಸಾರ್ ಪಾಣಿಪತ್‌ನಲ್ಲಿದ್ದಾರೆ ಎಂದೆ. ರೋಡ್ ಟೈರು ಎಂದದ್ದೇ ತಡ, ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರೆಲ್ಲ ಸೇರಿ ಒಂದು ಕಮಿಟಿಯಾಯಿತು. ಮುಂದೆ ಎರಡು ರೋಡ್ ಟೈರು, ಹಿಂದೆ ಎರಡು ಲಗ್ ಹಾಕಿಸಿ ಎಂದರೊಬ್ಬರು. ತಪ್ಪು, ಎಡಗಡೆ ಎರಡೂ ಲಗ್ ಹಾಕಿಸಬೇಕು, ಯಾಕೆಂದರೆ ಚರಂಡಿ ಇರುವುದು ಎಡಗಡೆ ಎಂದರು ಇನ್ನೊಬ್ಬರು. ವಾಪಸ್ ಬರುವಾಗ ಚರಂಡಿ ಬಲಗಡೆ ಆಗುವುದಿಲ್ಲವೇ ಎಂದು ಮೂರನೆಯವರು. ಮಾತಿಗೆ ಮಾತು ಬೆಳೆದು, ಈ ಚರಂಡಿಯವರಿಬ್ಬರೂ ಹಳೆಯ ಯಾವುದೋ ಬೇಲಿ ಜಗಳಕ್ಕೆ ಹೋದರು. ಗಾಡಿ ಓಡಿಸುವವಳು ನಾನು ಎಂಬುದು ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ.

ಕೊನೆಗೆ ಶೇಖರನೂ ರಾಗ ಎಳೆದ. ಅಕ್ಕಾ, ಯಾವುದಕ್ಕೂ ಸಾರ್‌ನ ಒಂದು ಮಾತು ಕೇಳಿ ಎಂದ. ನನಗೆ ಪಿತ್ತ ನೆತ್ತಿಗೇರಿತು. ನಾಲ್ಕಕ್ಕೆ ನಾಲ್ಕೂ ರೋಡ್ ಟೈರ್ ಹಾಕು, ಸ್ಟೆಪ್ನಿಗೂ ಅದನ್ನೇ ಹಾಕು ಎಂದೆ. (ಸ್ಟೆಪ್ನಿ ಬೇಕಿರಲಿಲ್ಲ. ಸಿಟ್ಟು ಬಂದಾಗ ನಾನು ಒಂದು ಜಾಸ್ತಿಯೇ ಕೊಳ್ಳುತ್ತೇನೆ.)

ಆಹಾ, ವಾಪಸ್ ಬರುವಾಗಿನ ಸುಖವೇ! ಗಾಡಿಗೆ ದನಿಯೇ ಇಲ್ಲ. ಬಣಕಲ್‌ನಲ್ಲಿ ನಮ್ಮನೆಯವರನ್ನು ಹತ್ತಿಸಿಕೊಂಡೆ. ಆರು ವರ್ಷದಲ್ಲಿ ಮೊದಲ ಸಲ ಅವರು ಗಾಡಿಯೊಳಗೆ ಮೆಲ್ಲಗೆ ಮಾತಾಡಿದರು, ನನಗೆ ಪ್ರತಿಯೊಂದೂ ಕೇಳಿಸಿತು. ಗೇಟು ಬರುವಷ್ಟರಲ್ಲಿ ಹಳೆಯ ಟೈರೂ ಅಷ್ಟೇನು ಕೆಟ್ಟದಿರಲಿಲ್ಲ ಅನ್ನಿಸತೊಡಗಿತ್ತು.

ಇನ್ನು ನಮ್ಮ ಕಡೆಯ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಮುಖ್ಯರಸ್ತೆಯಿಂದ ನಮ್ಮ ಮನೆಗೆ ಅರ್ಧ ಮೈಲಿ ಮಣ್ಣು ದಾರಿ. ಆ ಮಣ್ಣಿನ ಮೇಲೆ ಬಿದ್ದ ಟೈರಿನ ಗುರುತನ್ನು ಊರೇ ಓದುತ್ತದೆ. ಪೋಸ್ಟ್‌ಮ್ಯಾನ್ ಗೇಟಿನಲ್ಲಿ ಸೈಕಲ್ ನಿಲ್ಲಿಸಿ ನೆಲ ನೋಡಿ, ಅಮ್ಮಾವ್ರು ಪೇಟೆಗೆ ಹೋಗಿದ್ದಾರೆ, ಇನ್ನೂ ಬಂದಿಲ್ಲ ಎಂದು ತಿರುಗಿ ಹೋಗುತ್ತಾನೆ. ಯಾರ ಮನೆಗೆ ಯಾರ ಜೀಪು ಬಂತು, ಎಷ್ಟು ಹೊತ್ತಿಗೆ ಹೋಯಿತು, ಮಳೆಗೆ ಮುಂಚೆಯೋ ಆಮೇಲೋ, ಎಲ್ಲ ಅಲ್ಲೇ ಬರೆದಿರುತ್ತದೆ. ನಮ್ಮಲ್ಲಿಗೆ ಮೊಬೈಲ್ ಟವರ್ ಇನ್ನೂ ಬಂದಿಲ್ಲ. ಬಂದು ಮಾಡುವುದಾದರೂ ಏನು?

ಶನಿವಾರ ಬೆಳಿಗ್ಗೆ ಊರು ಎದ್ದು ನೋಡಿದರೆ ನನ್ನ ಲಗ್ ಟೈರಿನ ಗುರುತೇ ಇಲ್ಲ! ಅದರ ಜಾಗದಲ್ಲಿ ನಯವಾದ ಗೆರೆ ಗೆರೆ. ಅರ್ಥ: ಅಮ್ಮಾವ್ರ ಮನೆಗೆ ಯಾರೋ ಹೊರಗಿನವರು ಕಾರಿನಲ್ಲಿ ಬಂದಿದ್ದಾರೆ, ಅಲ್ಲೇ ಉಳಿದಿದ್ದಾರೆ. ಹೆಣ್ಣು ನೋಡಲು ಇರಬಹುದೇ? ನಮ್ಮ ಮಗಳಿನ್ನೂ ಏಳನೇ ಕ್ಲಾಸು. ಹಾಗಾದರೆ ತೋಟ ನೋಡಲೇ. ಭಾನುವಾರ ಯಾರೋ ನನ್ನ ಪಿಕಪ್ಪನ್ನೇ ಕಣ್ಣಾರೆ ಕಂಡರು. ಆಗಲಾದರೂ ಅನುಮಾನ ಬಗೆಹರಿಯಬೇಕಿತ್ತು ತಾನೇ? ಇಲ್ಲ, ಗಟ್ಟಿಯಾಯಿತು. ತೋಟ ಇಟ್ಟುಕೊಳ್ಳುವವಳು ಯಾರಾದರೂ ರೋಡ್ ಟೈರು ಹಾಕಿಸುತ್ತಾಳಾ? ಪೇಟೆಯಲ್ಲಿ ಮನೆ ಮಾಡುತ್ತಾರಂತೆ. ಮಾತುಕತೆ ಮುಗಿದಿದೆಯಂತೆ.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಮಂಗಳವಾರ ದ್ಯಾವಪ್ಪ ಬಾರದಿದ್ದರೆ.

ದ್ಯಾವಪ್ಪ ನಮ್ಮ ಆಳುಗಳ ಮೇಸ್ತ್ರಿ. ಹದಿನೇಳು ವರ್ಷದಿಂದ ನಮ್ಮ ತೋಟದ ಲೈನ್ ಮನೆಗಳಲ್ಲೇ, ಅಂದರೆ ಆಳುಗಳ ಸಾಲುಮನೆಗಳಲ್ಲೇ, ಅವನ ಕಡೆಯವರೆಲ್ಲ ಇದ್ದಾರೆ. ಆಳು ಇಪ್ಪತ್ತೆರಡು. ಅಂಗಳಕ್ಕೆ ಬಂದವನು ನನ್ನ ಮುಖ ನೋಡಲಿಲ್ಲ. ಟೈರು ನೋಡುತ್ತ ನಿಂತ. ಆಮೇಲೆ ಕೇಳಿದ.

"ಹೊಸ ಸಾಹುಕಾರ್ರಿಗೆ ನಮ್ ವಿಷ್ಯ ಒಂದ್ಮಾತು ಹೇಳ್ತೀರಾ ಅಮ್ಮಾವ್ರೆ?"

ನಾನು ತೋಟ ಮಾರುತ್ತಿಲ್ಲ ಮಾರಾಯ ಎಂದೆ.

"ಮಾರೋರು ಯಾರೂ ಮಾರ್ತೀನಿ ಅಂತ ಹೇಳಲ್ಲ" ಎಂದ.

ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಕಾಫಿ ರೇಟು ನೆಲ ಕಚ್ಚಿದ ಮೇಲೆ ನಮ್ಮ ಸುತ್ತ ಎಷ್ಟೋ ತೋಟ ಕೈ ಬದಲಾದವು. ಸಾಮಾನಿನ ಲಾರಿ ಬಂದು ನಿಲ್ಲುವವರೆಗೂ ಪ್ರತಿಯೊಬ್ಬರೂ ಇಲ್ಲ ಇಲ್ಲ ಎಂದವರೇ. ಕೊಂಡವರು ತಮ್ಮದೇ ಮೇಸ್ತ್ರಿಯನ್ನು ಕರೆದುಕೊಂಡು ಬಂದರು, ಲೈನ್ ಖಾಲಿ ಮಾಡಿಸಿದರು. ಹಾಗಾಗಿ ನಾನು ಇಲ್ಲ ಎಂದಷ್ಟೂ ಹೌದು ಎಂದ ಹಾಗೇ. ದೇವರ ಮೇಲೆ ಆಣೆ ಇಡಲು ಹೋದರೆ, ಪಕ್ಕದ ತೋಟದವರೂ ಅದೇ ದೇವರ ಮೇಲೆ ಇಟ್ಟಿದ್ದರಂತೆ. ಪತ್ರ ಬರೆದು ಕೊಟ್ಟುಬಿಡು ಎಂದರು ಜಗಲಿಯಿಂದ ನಮ್ಮನೆಯವರು. ಪತ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ದ್ಯಾವಪ್ಪನ ಮುಖ ಇನ್ನಷ್ಟು ಬಾಡಿತು. ಪತ್ರ ಮಾಡುವುದು ಮಾರುವಾಗಲೇ ತಾನೇ?

ಕಳಸದ ಕಡೆಯ ತೋಟವೊಂದರವರು ಅವನನ್ನು ಕೆಲಸಕ್ಕೆ ಬಾ ಎಂದು ಹೇಳಿ ಕಳಿಸಿದ್ದರು. ಸೋಮವಾರದೊಳಗೆ ಎಲ್ಲರೂ ಬರಬೇಕಂತೆ. "ಹೋಗಕ್ಕೆ ಮನಸ್ಸಿಲ್ಲ ಅಮ್ಮಾವ್ರೆ. ಆದ್ರೆ ಮಕ್ಳು ಮರಿ ಕಟ್ಕಂಡು ರಸ್ತೆಗೆ ಬೀಳಕ್ಕಾಗ್ತದಾ?" ಎಂದ.

ನನಗೆ ನಿಜವಾಗಿ ಹೆದರಿಕೆಯಾಯಿತು. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿತ್ತು. ಇವರು ಹೋದರೆ ಕೊಯ್ಯುವವರಿಲ್ಲ, ಅಷ್ಟೂ ನೆಲಕ್ಕೆ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಹದಿನೇಳು ವರ್ಷದ ನನ್ನ ಮಾತಿಗಿಂತ ನಾಲ್ಕು ದಿನದ ಟೈರಿನ ಮಾತು ಹೆಚ್ಚಾಯಿತಲ್ಲ! ಏನು ಮಾಡಿದರೆ ನಂಬುತ್ತೀಯೋ ಹೇಳು ಎಂದು ರೇಗಿದೆ.

ಗಾಡಿಯನ್ನು ತೋಟದ ಮೇಲಿನ ಬ್ಲಾಕಿಗೆ ಹತ್ತಿಸಿ ಎಂದ ದ್ಯಾವಪ್ಪ. ತೋಟ ಬೇಕಾದವರ ಗಾಡಿ ತೋಟಕ್ಕೆ ಹೋಗಲೇಬೇಕು. ಹೋಯಿತೋ, ಲೈನಿನವರು ನಂಬುತ್ತಾರೆ.

ಹಾಗಾಗಿ ಬುಧವಾರ ಹನ್ನೊಂದು ಗಂಟೆಗೆ ನನ್ನ ಅಗ್ನಿಪರೀಕ್ಷೆ. ಹಿಂದಿನ ದಿನವೇ ಸೈಕ್ಲೋನ್ ಮಳೆ ಹುಯ್ದು ದಾರಿಯ ಕೆಮ್ಮಣ್ಣು ಹದವಾಗಿ ನೆನೆದಿತ್ತು. ಲೈನಿನವರೆಲ್ಲ ದಾರಿ ಬದಿಯ ಎತ್ತರದ ಮಣ್ಣಿನ ದರೆ ಮೇಲೆ ಸಾಲಾಗಿ ಕೂತಿದ್ದರು. ಎಲೆ ಅಡಿಕೆಯೂ ಬಂದಿತ್ತು. ನಾನು ಗಾಡಿ ಸ್ಟಾರ್ಟ್ ಮಾಡುವುದಕ್ಕೂ ಆ ಮೂರನೇ ಪಾರ್ಟಿ ಬರುವುದಕ್ಕೂ ಸರಿಹೋಯಿತು. ಬಿಳಿ ಪ್ಯಾಂಟು, ಬಿಳಿ ಶರ್ಟಿನ ಇಬ್ಬರು, ಜೊತೆಗೊಬ್ಬ ಬ್ರೋಕರು. ತೋಟ ತೋರಿಸಲೆಂದೇ ಗಾಡಿ ತಯಾರಾಗಿದೆ ಎಂದುಕೊಂಡು ಅವರಿಬ್ಬರೂ ಹಿಂದೆ ಹತ್ತಿದರು. ಬ್ರೋಕರು ನನ್ನ ಪಕ್ಕ ಕೂತು, ಮೇಲಿನ ಬ್ಲಾಕಿಂದ್ಲೇ ಶುರು ಮಾಡಿ ಮೇಡಂ ಎಂದ.

ದ್ಯಾವಪ್ಪ ನನ್ನನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಏನು ಹೇಳಲಿ? ಇವರು ಯಾರೋ ಗೊತ್ತಿಲ್ಲ ಎನ್ನಲೇ? ನಂಬುವವರು ಯಾರು? ಹಲ್ಲು ಕಚ್ಚಿ ಫಸ್ಟ್ ಗೇರ್ ಹಾಕಿದೆ.

ಮೊದಲ ತಿರುವು ಹತ್ತಿತು. ಎರಡನೆಯದರಲ್ಲಿ, ದೊಡ್ಡ ಹಲಸಿನ ಮರದ ಹತ್ತಿರ, ಟೈರಿನ ಗೆರೆಗಳಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಬೆಣ್ಣೆ ಬಳಿದ ಹಾಗಾಯಿತು. ಚಕ್ರ ಮುಂದಕ್ಕೆ ತಿರುಗುತ್ತಿದೆ, ಗಾಡಿ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದೆ. ಈ ಬ್ಲಾಕಿನಲ್ಲಿ ಎಷ್ಟು ಮೂಟೆ ಬರುತ್ತದೆ ಎಂದು ಬ್ರೋಕರು ಕೇಳಿದ. ಗಟ್ಟಿ ಹಿಡಿದುಕೊಳ್ಳಿ ಎಂದೆ.

ಹಿಂದಿನ ಚಕ್ರಗಳೆರಡೂ ಚರಂಡಿಯಲ್ಲಿ. ಮೂತಿ ಆಕಾಶಕ್ಕೆ. ಬಿಳಿ ಬಟ್ಟೆಯವರಿಬ್ಬರೂ ಜಾರಿ ಕಾಫಿ ಗಿಡದ ಬುಡದಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಲೈನಿನವರೆಲ್ಲ ಓಡಿ ಬಂದು ನೂಕಿದರು. ಕೊಳ್ಳಲು ಬಂದವರೂ ನೂಕಿದರು, ಪಾಪ. ನಾನು ಆಕ್ಸಿಲರೇಟರ್ ಒತ್ತಿದಾಗ ಅವರು ಸರಿಯಾಗಿ ಚಕ್ರದ ಹಿಂದೆ ನಿಂತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕೆಂಪು.

ದಾರಿ ಯಾವಾಗಲೂ ಹೀಗೇನಾ ಎಂದು ಒಬ್ಬರು ಕೇಳಿದರು. ಇಲ್ಲ, ಈಗ ಬಹಳ ಚೆನ್ನಾಗಿದೆ, ಜುಲೈನಲ್ಲಿ ದಾರಿಯೇ ಇರುವುದಿಲ್ಲ ಎಂದೆ. ಮತ್ತೆ ಹಣ್ಣು ಕೆಳಗೆ ತರುವುದು ಹೇಗೆ? ಮಳೆ ಹಿಡಿದರೆ ತಲೆ ಮೇಲೆ. ಫೋನ್ ಮಾಡುತ್ತೇವೆ ಎಂದು ಹೇಳಿ ಮೂವರೂ ನಡೆದುಕೊಂಡೇ ಹೋದರು. ಅವರಿಗೆ ನನ್ನ ನಂಬರ್ ಗೊತ್ತಿಲ್ಲ.

ಗಾಡಿ ಮೇಲೆ ಹತ್ತಲೇ ಇಲ್ಲ. ಪರೀಕ್ಷೆಯಲ್ಲಿ ನಾನು ಫೇಲು. ಇನ್ನು ಸೋಮವಾರ ಲೈನ್ ಖಾಲಿ ಎಂದುಕೊಂಡು ಸ್ಟೀರಿಂಗ್ ಮೇಲೆ ತಲೆ ಇಟ್ಟೆ. ಆಗ ದ್ಯಾವಪ್ಪನ ದನಿ ಕೇಳಿಸಿತು. ಹೇಳುತ್ತಿದ್ದದ್ದು ನನಗಲ್ಲ, ತನ್ನವರಿಗೆ.

"ಮಾರೋರಾಗಿದ್ರೆ ಕೊಳ್ಳಕ್ ಬಂದೋರ್ನ ಈ ದಾರೀಲಿ ಕರ್ಕಂಡ್ ಬರ್ತಿದ್ರಾ?"

ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ಮಾರುವವರು ಮಾಡುವ ಕ್ರಮವೇ ಬೇರೆ. ಹಳ್ಳದ ಪಕ್ಕದ ಕೆಳಗಿನ ಬ್ಲಾಕು ತೋರಿಸಿ, ಕಾಫಿ ಕುಡಿಸಿ, ಬಿಸಿಲಿರುವಾಗಲೇ ಕಳಿಸಿಬಿಡುತ್ತಾರೆ. ಕೊಳ್ಳುವವರ ಬಟ್ಟೆ ಹಾಳು ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಣ್ಣಿಗೆ ಮಣ್ಣು ಬಿದ್ದವಳ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡೆ. ಮಣ್ಣೇನೂ ಬಿದ್ದಿರಲಿಲ್ಲ.

ಗುರುವಾರ ಬೆಳಿಗ್ಗೆ ಇಪ್ಪತ್ತೆರಡು ಜನರೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಲಿಗೆ ಇಳಿದರು. ಕಳಸದವರಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾಯಿತು. ನಾನು ದ್ಯಾವಪ್ಪನನ್ನು ಕರೆದು, ಹಿಂದಿನ ಎರಡು ಚಕ್ರಕ್ಕೆ ವಾಪಸ್ ಲಗ್ ಟೈರ್ ಹಾಕಿಸುತ್ತೇನೆ ಎಂದೆ. ಅವನು ಗಾಬರಿಯಾದ.

"ಬ್ಯಾಡಿ ಅಮ್ಮಾವ್ರೆ, ಇವೇ ಇರ್ಲಿ. ವರ್ಷಕ್ಕೊಂದ್ಸಲ ನಾಕ್ ಜನರ ಎದ್ರಿಗೆ ಹಿಂಗೆ ಚರಂಡಿಗೆ ಬಿದ್ರೆ ನಮಗೂ ಒಂದ್ ಧೈರ್ಯ."

ಬಾಯಿಬಿಟ್ಟು ಆಡಿದ ಮಾತಿಗೆ ಸಿಗದ ನಂಬಿಕೆ ಚರಂಡಿಗೆ ಬಿದ್ದರೆ ಸಿಗುತ್ತದೆ ಎನ್ನುವುದಾದರೆ, ಮುಂದಿನ ವರ್ಷ ಬೀಳುವ ತಾರೀಖನ್ನು ಈಗಲೇ ಬರೆದು ಗೇಟಿಗೆ ಅಂಟಿಸಿಬಿಡಲೇ?