ಹಿತ್ತಲಲ್ಲಿ ಹೇಳಿದ ನಂಬರು

ನಾನು ಶಾಲೆಯ ಮೇಡಂ. ಮನೆಮನೆ ಸಮೀಕ್ಷೆಗೆ ಹಾಕಿದಾಗ ಹಂದನಕೆರೆ ಕಡೆಯ ಒಂದು ಊರು ನನ್ನ ಪಾಲಿಗೆ ಬಂತು. ಮನೆಯಲ್ಲಿ ಯಾರುಯಾರು ಇಂಟರ್ನೆಟ್ ಬಳಸುತ್ತಾರೆ ಅನ್ನುವುದೂ ಒಂದು ಪ್ರಶ್ನೆ. ತೆಂಗಿನ ತೋಟದ ನಡುವಿನ ಒಂದು ಮನೆಯ ಯಜಮಾನರು ಜಗಲಿಯಲ್ಲೇ ಉತ್ತರ ಹೇಳಿದರು. ಅವರೂ ಇಬ್ಬರು ಗಂಡುಮಕ್ಕಳೂ ಬಳಸುತ್ತಾರೆ.

"ಸೊಸೆ?" ಅಂದೆ.

"ಹೆಣ್ಮಕ್ಳಿಗ್ಯಾಕ್ರೀ ಅದೆಲ್ಲ? ಇಲ್ಲ ಅಂತ ಬರ್ಕಳಿ."

ಬರೆದುಕೊಂಡೆ. ಅದುವರೆಗೆ ಹತ್ತಾರು ಮನೆಗಳಲ್ಲಿ ಹಾಗೆಯೇ ಬರೆದುಕೊಂಡಿದ್ದೆ.

ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಸೊಸೆ ಚೊಂಬು ಹಿಡಿದು ಹಿಂದೆಯೇ ಬಂದಳು. "ಮಿಸ್, ನಾನು ಡಿಗ್ರಿ ಮಾಡಿದೀನಿ. ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಗುಮಾಸ್ತರ ಕೆಲ್ಸದ ಪರೀಕ್ಷೆ ಬರ್ದಿದ್ದೆ. ರಿಸಲ್ಟ್ ಬಂದೈತಾ ಒಸಿ ನೋಡ್ತೀರಾ?" ನೋಂದಣಿ ಸಂಖ್ಯೆಯನ್ನು ತಡವರಿಸದೆ ಬಾಯಲ್ಲೇ ಹೇಳಿದಳು. ಅಲ್ಲಿ ನನ್ನ ಸಿಮ್ಮಿಗೆ ಸಿಗ್ನಲ್ ಇರಲಿಲ್ಲ. ಸಂಖ್ಯೆ ಗುರುತು ಹಾಕಿಕೊಂಡು ಹೊರಟೆ.

ಬಸ್ ಸ್ಟಾಪಿನಲ್ಲಿ ಪಟ್ಟಿ ತೆರೆಯಿತು. ಅವಳ ಸಂಖ್ಯೆ ಇತ್ತು! ಮೂಲ ದಾಖಲೆಗಳನ್ನು ತೋರಿಸಲು ನಾಡಿದ್ದೇ ಕಡೆಯ ದಿನ, ತುಮಕೂರಿನಲ್ಲಿ. ನನ್ನ ಹತ್ತಿರ ಇದ್ದದ್ದು ಅವಳ ಮಾವನ ನಂಬರು ಮಾತ್ರ. ಫೋನ್ ಮಾಡಿ ಸೊಸೆಗೆ ಕೊಡಿ ಅಂದೆ.

"ಏನ್ ವಿಷ್ಯ? ನಂಗೇ ಹೇಳ್ರೀ."

ಹೇಳಿದರೆ ಅವಳಿಗೇನಾಗುತ್ತದೋ ಎಂದು ಹೆದರಿ, ಏನಿಲ್ಲ ಎಂದು ಇಟ್ಟುಬಿಟ್ಟೆ.

ಮರುದಿನ ನಾನೇ ಮತ್ತೆ ಹೋದೆ. ಅವಳನ್ನು ಒಂಟಿಯಾಗಿ ಮಾತಾಡಿಸಲು ಆಗಲೇ ಇಲ್ಲ, ಎಲ್ಲರ ಎದುರೇ ಹೇಳಬೇಕಾಯಿತು. ಅವಳ ಮುಖ ಅರಳಿ, ಅತ್ತೆಯ ಕಡೆ ತಿರುಗುವಷ್ಟರಲ್ಲಿ ಇಳಿದುಹೋಯಿತು.

ಮಾವ ಗದರಲಿಲ್ಲ. "ಸಂತೋಷ ಕಣಮ್ಮ," ಅಂದರು. "ಆದ್ರೆ ನಾಳೆ ಅಟ್ಟದಿಂದ ಕೊಬ್ರಿ ಕಾಯಿ ಇಳ್ಸಬೇಕು, ಸುಲಿಯೋರು ಬತ್ತಾರೆ. ಅಷ್ಟು ಜನಕ್ಕೆ ಅಡ್ಗೆ ಯಾರು ಮಾಡ್ತಾರೆ? ಮುಂದಿನ ಸಲ ನೋಡನ ಬುಡು."

ಅವಳು ಗಂಡನನ್ನು ನೋಡಿದಳು. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಆಮೇಲೆ ನನ್ನನ್ನು ನೋಡಿದಳು.

"ಒಂದೇ ದಿನದ ಕೆಲಸ, ಬೇಕಾದರೆ ನಾನೇ ಕರೆದುಕೊಂಡು ಹೋಗಿ ಬರ್ತೀನಿ," ಅಂದೆ.

"ನಿಮ್ಗ್ಯಾಕ್ ಮಿಸ್ ತೊಂದ್ರೆ? ಕಾಫಿ ಕುಡೀರಿ," ಎಂದು ಅವಳೇ ಒಳಗೆ ಹೋದಳು.

ಕಾಫಿ ಕುಡಿದು ಬಂದೆ. ತಿಂಗಳ ಮೇಲೆ ಅಂತಿಮ ಪಟ್ಟಿ ಹಾಕಿದರು. ಸ್ಟಾಫ್ ರೂಮಿನಲ್ಲಿ ಕೂತು ಎರಡು ಸಲ ಹುಡುಕಿದೆ. ಅವಳ ಸಂಖ್ಯೆ ಇರಲಿಲ್ಲ.